ದಂಡ ಕಟ್ಟಿದರೆ ಲೋಡ್ ಇಳಿಯುವುದಿಲ್ಲ

ಮಾನ್ಯರೇ,

ಅರಬೈಲ್ ಘಟ್ಟದಲ್ಲಿ ಲಾರಿ ಉರುಳಿದಾಗಲೆಲ್ಲ ‘ಬ್ರೇಕ್ ಫೇಲ್’ ಎಂದು ಬರೆದು ಸುದ್ದಿ ಮುಗಿಸಲಾಗುತ್ತದೆ. ಯಲ್ಲಾಪುರದಲ್ಲಿ ಲಾರಿಗಳ ಬ್ರೇಕ್ ಕೆಲಸವನ್ನೇ ನಂಬಿ ಬದುಕಿದವನು ನಾನು. ಘಟ್ಟದಲ್ಲಿ ಬ್ರೇಕ್ ಹಿಡಿಯಲಿಲ್ಲ ಎಂದು ಬಂದ ಗಾಡಿಗಳ ಚಕ್ರ ಬಿಚ್ಚಿದರೆ, ಎಷ್ಟೋ ಸಲ ಬ್ರೇಕಿಗೆ ಒತ್ತಡ ಕೊಡುವ ಗಾಳಿಯ ಪೈಪು ಸರಿಯಾಗಿಯೇ ಇರುತ್ತದೆ. ಚಕ್ರದೊಡನೆ ತಿರುಗುವ ಬ್ರೇಕ್ ಡ್ರಮ್ಮಿನ ಒಳಮೈ ಮಾತ್ರ ಕಾದು ನೀಲಿಗಟ್ಟಿರುತ್ತದೆ, ಅದಕ್ಕೆ ಒತ್ತಿ ಗಾಡಿಯನ್ನು ತಡೆಯುವ ಲೈನರ್ ಗಾಜಿನ ಹಾಗೆ ನುಣುಪಾಗಿರುತ್ತದೆ. ಕಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಆಮೇಲೆ ಪೆಡಲ್ ಎಷ್ಟು ತುಳಿದರೂ ಅಷ್ಟೇ.

ಡ್ರಮ್ ಹೀಗೆ ಕಾಯಲು ಹೆಚ್ಚುವರಿ ಲೋಡ್ ಕಾರಣ ಎಂದರೆ, ಲೋಡ್ ಹೆಚ್ಚಿದ್ದರೆ ಗಾಡಿ ನಿಧಾನವಾಗಿಯೇ ಹೋಗುತ್ತದಲ್ಲ ಎನ್ನುವವರಿದ್ದಾರೆ. ಏರಿನಲ್ಲಿ ಆ ಮಾತು ನಿಜ, ಇಳಿಜಾರಿನಲ್ಲಿ ಪೂರ್ತಿ ಉಲ್ಟಾ. ಒಂದು ಗೇರಿನಲ್ಲಿ ಎಂಜಿನ್ ತಡೆದು ಹಿಡಿಯುವ ಶಕ್ತಿಗೆ ಮಿತಿಯಿದೆ. ಭಾರ ಆ ಮಿತಿ ದಾಟಿದರೆ ಗಾಡಿ ತಾನಾಗಿ ವೇಗ ಹಿಡಿಯುತ್ತದೆ, ಮಿಕ್ಕಿದ್ದನ್ನೆಲ್ಲ ಡ್ರಮ್ಮೇ ತಡೆಯಬೇಕು. 60 ಕಿ.ಮೀ. ವೇಗದ ಲಾರಿಯನ್ನು ನಿಲ್ಲಿಸುವುದೂ ಅದೇ ಲಾರಿಯನ್ನು 14 ಮೀಟರ್ ಎತ್ತರದಿಂದ ಕೆಳಗಿಳಿಸುವುದೂ ಶಕ್ತಿಯ ಲೆಕ್ಕದಲ್ಲಿ ಒಂದೇ. ಅಂದರೆ ಘಟ್ಟದಲ್ಲಿ ನೂರು ಮೀಟರ್ ಎತ್ತರ ಇಳಿದರೆ, 60ರ ವೇಗದಿಂದ ಏಳು ಸಲ ಬ್ರೇಕ್ ಹಾಕಿ ನಿಲ್ಲಿಸಿದಷ್ಟು ಶಕ್ತಿ ಎಲ್ಲಾದರೂ ಕರಗಬೇಕು. ವೇಗವಂತೂ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ: ಕಾನೂನಿನ ಮಿತಿಯಂತೆ ಗಾಡಿ, ಸರಕು ಸೇರಿ 28.5 ಟನ್ ತೂಗುವ ಹತ್ತು ಚಕ್ರದ ಲಾರಿ 30ರಲ್ಲಿ ಇಳಿಯುವುದಕ್ಕೂ, ಅದೇ ಗಾಡಿ ಒಟ್ಟು 35 ಟನ್ ತೂಗುತ್ತ 40ರಲ್ಲಿ ಇಳಿಯುವುದಕ್ಕೂ ಹೋಲಿಸಿದರೆ ಎರಡನೆಯದನ್ನು ನಿಲ್ಲಿಸಲು ಬ್ರೇಕಿಗೆ ಎರಡು ಪಟ್ಟಿಗೂ ಹೆಚ್ಚು ಕೆಲಸ.

ಆ 28.5 ಕೂಡ ಹಳೆಯ ಮಿತಿಯಲ್ಲ. 2018ರವರೆಗೆ ಅದು 25 ಟನ್ ಇತ್ತು. ಏರಿಸಿದ ಮಿತಿಯನ್ನೂ ಮೀರಿ ತುಂಬುವವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ 20,000 ರೂಪಾಯಿ ದಂಡವಿದೆ, ಹೆಚ್ಚುವರಿ ಟನ್ನಿಗೆ 2,000 ಬೇರೆ. ಅದೇ 194ನೇ ಕಲಮಿನಲ್ಲಿ ಇನ್ನೂ ಒಂದು ಮಾತಿದೆ: ಹೆಚ್ಚುವರಿ ಲೋಡ್ ಇಳಿಸುವವರೆಗೆ ಗಾಡಿ ಕದಲುವಂತಿಲ್ಲ. ನನ್ನ ಬಳಿ ಬರುವ ಚಾಲಕರು ದಂಡದ ರಸೀದಿ ತೋರಿಸುತ್ತಾರೆ, ಹಿಂದೆ ಲೋಡ್ ಹಾಗೆಯೇ ಇರುತ್ತದೆ. ರಸೀದಿ ಜೇಬಿನಲ್ಲಿಟ್ಟುಕೊಂಡು ಅವರು ಘಟ್ಟ ಇಳಿಯುತ್ತಾರೆ. ಇದು ನನಗೆ ಸಹಿಸಲಾಗದ ಸಂಗತಿ.

ಚಾಲಕರಿಗೂ ಒಂದು ಮಾತು. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಯಬೇಡಿ. ಈಗಿನ ಎಂಜಿನ್‌ಗಳಲ್ಲಿ ಗೇರ್ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ತಾನಾಗಿ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿದ್ದರೆ ಉರಿಯುತ್ತಲೇ ಇರುತ್ತದೆ. ಏರಲು ಬೇಕಾದ ಗೇರಿನಲ್ಲೇ ಇಳಿಯಿರಿ. ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಸೀಳುತ್ತದೆ.

ಸಾರಿಗೆ ಇಲಾಖೆ ಘಟ್ಟ ಶುರುವಾಗುವ ಮೊದಲೇ ತೂಕದ ಯಂತ್ರ ಇಡಲಿ. ಪಕ್ಕದಲ್ಲಿ ಸರಕು ಇಳಿಸಿಕೊಳ್ಳಲು ಜಾಗ, ಮಳೆಗಾಲಕ್ಕೆ ಒಂದು ಶೆಡ್ಡು ಬೇಕು. ಜಾಗವೇ ಇಲ್ಲದಿದ್ದರೆ ಇಳಿಸಿ ಎನ್ನುವ ಅಧಿಕಾರಿಯಾದರೂ ಏನು ಮಾಡಿಯಾನು?

– ಒಬ್ಬ ಬ್ರೇಕ್ ಮೆಕ್ಯಾನಿಕ್, ಯಲ್ಲಾಪುರ