ಮಂಜನಿಗೆ, ನಂದಿ ಬೆಟ್ಟದಿಂದ ಕಂಡದ್ದು

ಮಂಜ,

ಭಾನುವಾರ ನಂದಿ ಬೆಟ್ಟಕ್ಕೆ ಹೋಗಿದ್ದೆ. ನೀನಿಲ್ಲದೆ ಇದೇ ಮೊದಲು. ಗಾಡಿಯಲ್ಲಿ ಅಲ್ಲ, ಸುಲ್ತಾನ್‌ಪೇಟೆ ಕಡೆಯಿಂದ ಮೆಟ್ಟಿಲು ಹತ್ತಿ ಹೋದೆ. ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಅರ್ಧದಲ್ಲಿ ಕೂತು ನೀರು ಕುಡಿಯುವಾಗ ನಿನ್ನ ನೆನಪಾಯಿತು. ನೀನಿದ್ದಿದ್ದರೆ "ಮುಂದಿನ ಸ್ಟಾಪ್ ಯಾವುದು ಕಂಡಕ್ಟರೇ" ಅಂತ ಕೇಳದೆ ಬಿಡುತ್ತಿರಲಿಲ್ಲ.

ಮೇಲೆ ಪೂರ್ತಿ ಮೋಡ. ಟಿಪ್ಪು ಡ್ರಾಪ್ ಹತ್ತಿರ ನೂರಾರು ಜನ ಫೋನ್ ಹಿಡಿದು ಬಿಳಿ ಗೋಡೆ ನೋಡುತ್ತಾ ನಿಂತಿದ್ದರು. ನಾನೂ ನಿಂತೆ. ಖಾರ ಹಾಕಿದ ಸೌತೆಕಾಯಿ ಕೊಂಡೆ. ಒಂದು ಹೋಳು ತಿನ್ನುವಷ್ಟರಲ್ಲಿ ಮಂಗ ಬಂದು ಮಿಕ್ಕಿದ್ದನ್ನು ಕೈಯಿಂದ ತೆಗೆದುಕೊಂಡು ಹೋಯಿತು. ಕಿತ್ತುಕೊಳ್ಳಲಿಲ್ಲ, ಸಮಾಧಾನವಾಗಿ ಬೆರಳು ಬಿಡಿಸಿ ತೆಗೆದುಕೊಂಡಿತು.

ಒಂಬತ್ತರ ಹೊತ್ತಿಗೆ ಮೋಡ ಸರಿಯಿತು. ದೇವನಹಳ್ಳಿ ಏರ್‌ಪೋರ್ಟ್ ಕಡೆಯಿಂದ ಒಂದು ವಿಮಾನ ನಿಧಾನವಾಗಿ ಏಳುತ್ತಿತ್ತು. ಅದರಾಚೆ, ದಕ್ಷಿಣಕ್ಕೆ, ಬೆಂಗಳೂರು. ನಮ್ಮ ಊರು ಅಲ್ಲಿಂದ ಕಟ್ಟಡವಾಗಿ ಕಾಣುವುದಿಲ್ಲ ಕಣೋ, ಅಡುಗೆಮನೆ ಗೋಡೆಯ ಮೇಲಿನ ಮಸಿಯ ಹಾಗೆ ಕಾಣುತ್ತದೆ. ನಾವು ಮೊದಲ ಸಲ ಹೋದಾಗ ಮಸಿ ದೂರ ಇತ್ತು. ಈಗ ಬೆಟ್ಟದ ಬುಡದವರೆಗೂ ಅದರ ಬೆರಳು ಬಂದಿವೆ.

ನೈಋತ್ಯಕ್ಕೆ ತಿರುಗಿದೆ. ಅಲ್ಲಿ ಒಂದರ ಪಕ್ಕ ಒಂದು ಲೇಔಟು. ಅದರಲ್ಲಿ ಒಂದನ್ನು ಕಂಡ ಕೂಡಲೇ ಗುರುತು ಹಿಡಿದೆ. ಮೂಲೆಯಲ್ಲಿ ತ್ರಿಕೋನದ ಪಾರ್ಕು, ನಡುವೆ ನಲವತ್ತಡಿ ರಸ್ತೆ. ಗುರುತು ಸಿಗದೆ ಇರುತ್ತದಾ? ಅದನ್ನು ಬರೆದದ್ದು ನಾನೇ. ನಾನು ದಿನಾ ಕಂಪ್ಯೂಟರಿನಲ್ಲಿ, ನಕ್ಷೆ ಬರೆಯುವ ಆಟೋಕ್ಯಾಡಿನಲ್ಲಿ, ನೆಲ ನೋಡುವುದು ಮೇಲಿಂದಲೇ ಅಲ್ವಾ. ಆದರೆ ಆ ತೆರೆಯಲ್ಲಿ ನೆಲಕ್ಕೆ ಬಣ್ಣ ಇರುವುದಿಲ್ಲ.

ಬೆಟ್ಟದಿಂದ ಬಣ್ಣ ಕಂಡಿತು. ಮೂರು ವಾರ ಮಳೆ ಬಿದ್ದಿತ್ತು. ಒಂದು ದಟ್ಟ ಹಸಿರು ಪಟ್ಟಿ ಬುಡದಿಂದ ಶುರುವಾಗಿ, ರಾಗಿ ಹೊಲಗಳ ನಡುವೆ ಸೊಟ್ಟಸೊಟ್ಟಗೆ ಬಂದು, ಕಾಂಪೌಂಡಿನ ಒಳಗೆ ನುಗ್ಗಿ, ಎರಡನೇ ಕ್ರಾಸ್ ದಾಟಿ, ಆಚೆ ಬದಿಯ ಕೆರೆಗೆ ಹೋಗುತ್ತಿತ್ತು. ಅದು ಹಳ್ಳ. ಅದರ ಮೇಲೆ ಆರು ಸೈಟು.

ಮಂಜ, ಆ ಹಳ್ಳ ಇತ್ತು ಅಂತ ನನಗೆ ಗೊತ್ತಿತ್ತು. 2017ರಲ್ಲಿ ಗ್ರಾಮ ನಕಾಶೆ ನನ್ನ ಟೇಬಲ್ ಮೇಲೇ ಇತ್ತು. ಹಳ್ಳದ ಗೆರೆ ಇತ್ತು, ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಅಂತಲೂ ಇತ್ತು. ಕೆಲಸ ಕೊಟ್ಟವರು ಬಂದು, "ಇದನ್ನು ಬಿಟ್ಟರೆ ಆರು ಸೈಟು ಹೋಗುತ್ತೆ, ಕಾಂಪೌಂಡ್ ಪಕ್ಕಕ್ಕೆ ತಳ್ಳು" ಅಂದರು. ಆ ಗೆರೆ ಹಿಡಿದು ಎಳೆದೆ. ಎರಡು ನಿಮಿಷದ ಕೆಲಸ. ಆಮೇಲೆ ಊಟಕ್ಕೆ ಹೋದೆ.

ಅದು ಯಾವ ನೀರು ಅಂತ ಅವತ್ತು ಯೋಚಿಸಲಿಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಮೂರೂ ಈ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ಒಂದು ಆಂಧ್ರಕ್ಕೆ ಹೋಗುತ್ತದೆ, ಇನ್ನೊಂದು ತಮಿಳುನಾಡಿಗೆ. ಅರ್ಕಾವತಿ ಮಾತ್ರ ನಮ್ಮ ಕಡೆಗೆ ಬರುತ್ತದೆ. ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಆಮೇಲೆ ಕನಕಪುರದಾಚೆ ಸಂಗಮ. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಬಂದದ್ದು ಹೆಸರಘಟ್ಟದಿಂದ. 1933ರಿಂದ ತಿಪ್ಪಗೊಂಡನಹಳ್ಳಿ. 1974ರಲ್ಲಿ ಕಾವೇರಿ ಬರುವ ತನಕ ನಮ್ಮ ತಾತಂದಿರು ಕುಡಿದು ಬೆಳೆದದ್ದು ಈ ಬೆಟ್ಟದ ಮಳೆಯನ್ನೇ. ಈಗ ನೂರು ಕಿಲೋಮೀಟರ್ ದೂರದಿಂದ ನೀರನ್ನು ಪಂಪು ಮಾಡಿ ಮೇಲಕ್ಕೆ ತರುತ್ತಿದ್ದೇವೆ.

ಅರ್ಕಾವತಿ ಬತ್ತಿದ್ದಕ್ಕೆ ಕಾರಣ ಒಂದಲ್ಲ. ಬೋರ್‌ವೆಲ್ಲು, ನೀಲಗಿರಿ ತೋಪು, ಮುಚ್ಚಿದ ಕಾಲುವೆ. ಪೇಪರಿನಲ್ಲಿ "ಮುಚ್ಚಿದ ಕಾಲುವೆ" ಅಂತ ಓದಿದಾಗೆಲ್ಲ ಯಾರೋ ದೊಡ್ಡವರು ಮಾಡಿದ್ದು ಅಂದುಕೊಂಡಿದ್ದೆ. ಬೆಟ್ಟದ ಮೇಲೆ ನಿಂತಾಗ ಗಂಟಲು ಒಣಗಿತು. ಅದರಲ್ಲಿ ಒಂದನ್ನು ಮುಚ್ಚಿದ್ದು ನಾನು.

ಇಷ್ಟು ಬರೆದು ನಿಲ್ಲಿಸೋಣ ಅಂತಿದ್ದೆ. ಆಗುತ್ತಿಲ್ಲ. ಆ ಆರು ಸೈಟಿನಲ್ಲಿ ಒಂದು ನಿನ್ನದು.

ನೀನು ಮಸ್ಕತ್‌ನಿಂದ ಫೋನ್ ಮಾಡಿ "ಜಾಗ ಹೇಗಿದೆಯೋ" ಅಂತ ಕೇಳಿದ್ದೆ. "ಕಣ್ಣು ಮುಚ್ಚಿ ತಗೋ" ಅಂದೆ. ಯಾವ ನಂಬರ್ ನಿನ್ನ ಪಾಲಿಗೆ ಬಂತು ಅಂತ ಆಮೇಲೆ ಗೊತ್ತಾಯಿತು. ಆಗಲೂ ಬಾಯಿ ಬಿಡಲಿಲ್ಲ. ಏಳು ಹಬ್ಬಕ್ಕೆ ನಿಮ್ಮ ಮನೆಗೆ ಬಂದಿದ್ದೇನೆ, ಅಮ್ಮನ ಕೈಯಲ್ಲಿ ಒಬ್ಬಟ್ಟು ತಿಂದಿದ್ದೇನೆ. ಹೇಳಲಿಲ್ಲ.

ಇಳಿದವನು ನೇರ ಸೈಟಿಗೆ ಹೋದೆ. ನೈಋತ್ಯ ಮೂಲೆಯ ಕಲ್ಲು ಒಂದು ಪಕ್ಕಕ್ಕೆ ವಾಲಿದೆ. ಅದರ ಬುಡದಲ್ಲಿ ನೀರು ಮಣ್ಣು ಕೊರೆದು ಮೊಣಕೈ ಆಳ ಗುಂಡಿ ಮಾಡಿದೆ. ಕೈ ಹಾಕಿ ನೋಡಿದೆ, ತಣ್ಣಗಿತ್ತು. ತಳದಲ್ಲಿ ಸಣ್ಣ ಮರಳು, ಹರಿದ ದಿಕ್ಕಿಗೇ ಬಾಚಿದ ಹಾಗೆ ಗೆರೆ ಗೆರೆ. ಗೊದಮೊಟ್ಟೆಗಳು ಓಡಾಡುತ್ತಿದ್ದವು, ಒಂದೆರಡಕ್ಕೆ ಹಿಂದಿನ ಕಾಲು ಬಂದಿತ್ತು. ಎಷ್ಟೋ ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದೆ.

ಫೋನಿನಲ್ಲಿ ಹೇಳಬಹುದಿತ್ತು. ಎರಡು ಸಲ ನಿನ್ನ ನಂಬರ್ ಒತ್ತಿ ಕಟ್ ಮಾಡಿದೆ. ಇಲ್ಲಿ ಎಲ್ಲರ ಮುಂದೆ ಬರೆದರೆ ಮತ್ತೆ ನುಂಗಿಕೊಳ್ಳಲು ಆಗುವುದಿಲ್ಲ, ಅದಕ್ಕೆ. ಮಿಕ್ಕ ಐದು ಜನ ಯಾರು ಅಂತಲೂ ನನಗೆ ಗೊತ್ತಿಲ್ಲ. ಅವರಲ್ಲಿ ಯಾರಾದರೂ ಓದುತ್ತಿದ್ದರೆ ನನಗೆ ಬರೆಯಿರಿ. ಹಳೆಯ ನಕಾಶೆಯ ಪ್ರತಿ ನನ್ನ ಹತ್ತಿರ ಇದೆ. ಎಲ್ಲಿಗೆ ಬಂದು ಹೇಳು ಅಂದರೂ ಬಂದು ಹೇಳುತ್ತೇನೆ.

ಕಾರ್ತಿಕದಲ್ಲಿ ಗುದ್ದಲಿ ಪೂಜೆ ಅಂತ ನಿಮ್ಮಪ್ಪ ಹೇಳಿದರು. ಬೇಡ ಅಂತ ಹೇಳು ಮಂಜ. ಅವರಿಗೆ ನಾನೇ ಹೇಳಬೇಕು ಅಂದರೆ ನಾನೇ ಮನೆಗೆ ಹೋಗಿ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಆ ದುಡ್ಡಿನ ವಿಷಯ ನೀನು ಬಂದಾಗ ಕೂತು ಮಾತಾಡೋಣ, ನಾನು ತಪ್ಪಿಸಿಕೊಳ್ಳುವುದಿಲ್ಲ.

ಜಾಸ್ತಿ ಆಯಿತು. ಮಂಗ, ಸೌತೆಕಾಯಿ, ಮೋಡ, ಇಷ್ಟೇ ಬರೆಯೋಣ ಅಂತ ಕೂತವನು ನಾನು. ಸಾಕು. ಊರಿಗೆ ಬಂದಾಗ ಫೋನ್ ಮಾಡು, ಮೆಟ್ಟಿಲು ಹತ್ತೋಣ. ಈ ಸಲ ಕಂಡಕ್ಟರ್ ನೀನು, ಚಿಲ್ಲರೆ ನಿನ್ನ ಹತ್ತಿರವೇ ಇರಲಿ.

ಹೇಳುವುದು ಮರೆತೆ. ನಿಮ್ಮಪ್ಪ ಸೈಟಿನಲ್ಲಿ ನೆಟ್ಟ ತೆಂಗಿನ ಸಸಿ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದೆ. ಎರಡು ಹೊಸ ಗರಿ ಬಿಟ್ಟಿದೆ.

ನಿನ್ನ
ಕಂಡಕ್ಟರ್