ಮೆಹೆಂದಿ ಫೋಟೋದ ಬಿಳಿ ಸೀರೆ: ಒರಿಜಿನಲ್ ಫೈಲ್ ಕೊಡಿ, ರೀಲ್ ತೆಗೆಯಿರಿ

ಸ್ಟುಡಿಯೋದವರಿಗೆ ನಮಸ್ಕಾರ,

ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆದು ಕೊಡುತ್ತಿದ್ದೇನೆ. ಕಳೆದ ಎಪ್ರಿಲ್‌ನಲ್ಲಿ ಸಂತೆಕಟ್ಟೆಯ ನಮ್ಮ ಮನೆ ಅಂಗಳದಲ್ಲಿ ತಂಗಿಯ ಮೆಹೆಂದಿ, ಮರುದಿನ ಹಾಲ್‌ನಲ್ಲಿ ಮದುವೆ. ಎರಡಕ್ಕೂ ಸೇರಿ 85,000 ರೂಪಾಯಿ ಮಾತಾಗಿತ್ತು. ಮದುವೆ ಫೋಟೋಗಳು ಚೆನ್ನಾಗಿ ಬಂದಿವೆ, ಅದರಲ್ಲಿ ಎರಡು ಮಾತಿಲ್ಲ. ಧಾರೆಯ ಫೋಟೋ ನೋಡಿ ಅಮ್ಮ ಕಣ್ಣೊರೆಸಿಕೊಂಡರು. ತಕರಾರು ಇರುವುದು ಮೆಹೆಂದಿಯ ಒಂದೇ ಒಂದು ಪುಟದ್ದು.

ಆ ಪುಟದಲ್ಲಿ ತಂಗಿ ಎರಡೂ ಅಂಗೈ ತೋರಿಸಿ ನಗುತ್ತಿದ್ದಾಳೆ. ಅವಳ ಹಿಂದೆ, ಚಪ್ಪರದ ಕಂಬದ ಪಕ್ಕದಲ್ಲಿ, ಬಿಳಿ ಸೀರೆಯ ಹೆಂಗಸೊಬ್ಬಳು. ಮುಖ ಇದೆ, ಕಣ್ಣು ಮೂಗು ಗೊತ್ತಾಗುವುದಿಲ್ಲ. ಅವಳ ಭುಜದ ಒಳಗಿಂದಲೇ ಹಿಂದಿನ ಸೀರಿಯಲ್ ಬಲ್ಬುಗಳು ಕಾಣುತ್ತವೆ. ಸೊಂಟದ ಕೆಳಗೆ ಏನೂ ಇಲ್ಲ, ಕತ್ತಲೆ.

ಆಲ್ಬಂ ಬಂದ ದಿನ ಅಜ್ಜಿ ಕನ್ನಡಕ ಒರೆಸಿ ಒರೆಸಿ ನೋಡಿದರು. ಆಮೇಲೆ ಆ ಬಿಳಿ ಸೀರೆಯ ಮೇಲೆ ಬೆರಳಿಟ್ಟು, ಇದು ನನ್ನ ಮಗಳೇ ಅಂದರು. ನಮ್ಮ ಸೋದರತ್ತೆ, ತಮಗೆ ಮದುವೆ ಆಗುವ ಮೊದಲೇ ತೀರಿಕೊಂಡವರು. ಹಾಗೆ ಹೋದವರಿಗೆ ಅದೇ ತರ ತೀರಿಕೊಂಡ ಗಂಡನ್ನು ಹುಡುಕಿ, ಆಟಿ ತಿಂಗಳಲ್ಲಿ ಪ್ರೇತ ಮದುವೆ ಮಾಡುವ ಕ್ರಮ ನಮ್ಮ ಕಡೆ ಇದೆ, ಅದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅತ್ತೆಗೆ ಅದು ಆಗಿಲ್ಲ. ಈಗ ಚಿಕ್ಕಪ್ಪ ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಬೇಕು ಅಂತ ಕೂತಿದ್ದಾರೆ, ಬಾವನ ಮನೆಯಲ್ಲಿ ಬೇರೆ ಗುಸುಗುಸು ಶುರುವಾಗಿದೆ, ತಂಗಿ ಆ ಆಲ್ಬಂ ಮುಟ್ಟುವುದೇ ಇಲ್ಲ. ಅಜ್ಜಿಗೆ ಮಗಳ ಕಾರ್ಯ ಮಾಡಿಸಬೇಕು ಅಂತಿದ್ದರೆ ಮಾಡಿಸೋಣ, ನನ್ನದೇನೂ ಅಡ್ಡಿ ಇಲ್ಲ. ಆದರೆ ಅದಕ್ಕೆ ನಿಮ್ಮ ಕ್ಯಾಮೆರಾ ಸಾಕ್ಷಿ ಹೇಳುವುದು ಬೇಡ ಮಾರಾಯ್ರೆ!

ನಿಮ್ಮ ಹುಡುಗನನ್ನು ಕೇಳಿದರೆ, "ತೆಗೆಯುವಾಗ ಅಲ್ಲಿ ಯಾರೂ ಇರಲಿಲ್ಲ ಸರ್, ನಿಮ್ಮ ಮನೆಯವರದ್ದೇ ಏನೋ ಇರಬೇಕು, ಒಮ್ಮೆ ಕೇಳಿಸಿ ನೋಡಿ" ಅಂದ. ಅಷ್ಟು ಹೇಳಿ ಸುಮ್ನೆ ಇರಬೇಕಲ್ವಾ? ಇಲ್ಲ. ಅದೇ ಫೋಟೋಕ್ಕೆ ಹೆದರಿಸುವ ಮ್ಯೂಸಿಕ್ ಹಾಕಿ, "ಮೆಹೆಂದಿಗೆ ಬಂದವಳು ಯಾರು?" ಅಂತ ನಿಮ್ಮ ಪೇಜ್‌ನಲ್ಲಿ ರೀಲ್ ಬಿಟ್ಟಿದ್ದೀರಿ. ತಂಗಿಯ ಮುಖ ಮುಚ್ಚುವಷ್ಟೂ ಪುರುಸೊತ್ತು ಇರಲಿಲ್ಲವಾ? ಕೇಳಿದ್ದೀರಾ ನಮ್ಮನ್ನು?

ನನಗೂ ಕ್ಯಾಮೆರಾ ಹಿಡಿದು ಸ್ವಲ್ಪ ಅಭ್ಯಾಸ ಇದೆ. ಲೈಟಿನ ಕಳೆ ಬರಲಿ ಅಂತ ರಾತ್ರಿ ಶಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು, ನಿಧಾನ ಇಟ್ಟು ಫ್ಲ್ಯಾಶ್ ಹೊಡೆಯುತ್ತೀರಿ. ಫ್ಲ್ಯಾಶ್ ಉರಿಯುವುದು ಕಣ್ಣು ಮಿಟುಕಿಸುವುದಕ್ಕಿಂತ ಕಮ್ಮಿ ಹೊತ್ತು, ಅಷ್ಟರಲ್ಲಿ ಹತ್ತಿರ ಇರುವವರು ಚೂಪಾಗಿ ಬಂದುಬಿಡುತ್ತಾರೆ. ದೂರ ಎರಡರಷ್ಟಾದರೆ ಅದರ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಹಿಂದಿರುವವರಿಗೆ ಸಿಗುವುದು ಹೆಚ್ಚಾಗಿ ಬಲ್ಬಿನ ಬೆಳಕೇ. ಶಟರ್ ತೆರೆದಿರುವಾಗ ಅಲ್ಲಿ ಯಾರಾದರೂ ದಾಟಿದರೆ, ಅವರು ನಿಂತದ್ದು ಸ್ವಲ್ಪ, ಸರಿದ ಮೇಲೆ ಹಿಂದಿನ ಬಲ್ಬು ಬಿದ್ದದ್ದು ಸ್ವಲ್ಪ, ಎರಡೂ ಒಂದೇ ಫೋಟೋದಲ್ಲಿ ಸೇರುತ್ತವೆ. ಅದಕ್ಕೇ ಮೈಯೊಳಗೆ ಬಲ್ಬು. ಬಲ್ಬುಗಳೆಲ್ಲ ಚಪ್ಪರದ ಮೇಲಿದ್ದವು, ಕೆಳಗೆ ಕುರ್ಚಿ ಸಾಲಿನ ನೆರಳು, ಹಾಗಾಗಿ ಕಾಲು ಕಾಣುವುದಿಲ್ಲ. ಇನ್ನೊಂದು ನೀವು ನೋಡಿಯೇ ಇಲ್ಲ ಅಂತ ಕಾಣುತ್ತದೆ: ಅವಳ ಕೈ ಇರಬೇಕಾದ ಜಾಗದಲ್ಲಿ ಒಂದು ತೆಳು ಹೊಳೆಯುವ ಗೆರೆ ಎಳೆದ ಹಾಗಿದೆ. ಸ್ಟೀಲ್ ಜಗ್ಗಿನ ಅಂಚು ಬೆಳಕಿನಲ್ಲಿ ಸರಿದರೆ ಹಾಗೆಯೇ ಬರುತ್ತದೆ. ಬಡಿಸಲು ಬಂದಿದ್ದ ಹೆಂಗಸರು ಉಟ್ಟಿದ್ದದ್ದು ಕೆನೆ ಬಣ್ಣದ ಸೀರೆ. ಪ್ರೇತ ಬಂದು ನಮ್ಮ ನೆಂಟರಿಗೆ ಪಾನಕ ಕೊಡುತ್ತಿತ್ತಾ?

ಅಥವಾ ಇದು ಆಲ್ಬಂ ಡಿಸೈನ್ ಮಾಡುವಾಗ ಆದದ್ದೂ ಇರಬಹುದು. ಹಿನ್ನೆಲೆಗೆ ಮಸುಕು ಫೋಟೋ ಹಾಕುತ್ತೀರಲ್ಲ, ಬೇರೆ ಯಾರದೋ ಮದುವೆಯ ಲೇಯರ್ ಅಳಿಸದೆ ಉಳಿದಿದ್ದರೆ? ಯಾವುದು ಅಂತ ತಿಳಿಯಲು ಒರಿಜಿನಲ್ ರಾ ಫೈಲ್, ಅಂದರೆ ಕ್ಯಾಮೆರಾದಲ್ಲಿ ಬಂದ ಹಾಗೆಯೇ ಇರುವ, ತಿದ್ದದ ಫೈಲ್, ನೋಡಿದರೆ ಸಾಕು. ಅದರಲ್ಲಿ ಅವಳಿದ್ದರೆ ಶಟರ್ ಎಷ್ಟು ಹೊತ್ತು ತೆರೆದಿತ್ತು ಅಂತ ಫೈಲ್‌ನಲ್ಲೇ ಬರೆದಿರುತ್ತದೆ, ಇಲ್ಲದಿದ್ದರೆ ಡಿಸೈನ್‌ನವರದ್ದೇ ಕೆಲಸ. ಫೈಲ್ ಕೇಳಿದರೆ ನೀವು ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತೀರಿ. ಅಲ್ಲಿ ಬರುವಷ್ಟರಲ್ಲಿ ಆ ಮಾಹಿತಿಯೆಲ್ಲ ಹೋಗಿರುತ್ತದೆ, ಇದು ನಿಮಗೆ ಗೊತ್ತಿಲ್ಲದ್ದೇನಲ್ಲ.

ಈ ವ್ಯಾಪಾರ ಹೊಸದೂ ಅಲ್ಲ. ಅಮೆರಿಕದಲ್ಲಿ ವಿಲಿಯಂ ಮಮ್ಲರ್ ಎಂಬ ಫೋಟೋಗ್ರಾಫರ್ ಸತ್ತವರನ್ನು ಫೋಟೋದಲ್ಲಿ ತೋರಿಸುತ್ತೇನೆ ಅಂತ ದುಡ್ಡು ಮಾಡಿ, 1869ರಲ್ಲಿ ನ್ಯೂಯಾರ್ಕ್ ಕೋರ್ಟಿಗೆ ಹತ್ತಿದ್ದ. ಹೇಗೆ ಮಾಡಿದ ಅಂತ ಸಾಬೀತು ಮಾಡಲು ಆಗದೆ ಅವನನ್ನು ಬಿಟ್ಟರು. ಅವನ ಕಾಲದಲ್ಲಿ ಫೋಟೋ ತೆಗೆಯುತ್ತಿದ್ದದ್ದು ಗಾಜಿನ ಪ್ಲೇಟಿನ ಮೇಲೆ. ಈಗ ಫೈಲ್ ನಿಮ್ಮ ಹಾರ್ಡ್ ಡಿಸ್ಕ್‌ನಲ್ಲೇ ಇದೆ.

ಹಾಗಾಗಿ ಆ ರಾ ಫೈಲನ್ನು, ಅದರ ಹಿಂದೆ ಮುಂದೆ ತೆಗೆದವುಗಳ ಜೊತೆ, ಪೆನ್‌ಡ್ರೈವ್‌ನಲ್ಲಿ ಹಾಕಿಕೊಡಿ. ಹೆಂಗಸು ಹೇಗೆ ಬಂದಳು ಅಂತ ನಿಮ್ಮ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಿ, ಅಜ್ಜಿಗೆ ಓದಿ ಹೇಳುವುದು ನನ್ನ ಜವಾಬ್ದಾರಿ. ಆ ಪುಟವನ್ನು ಬೇರೆ ಫೋಟೋ ಹಾಕಿ ಹೊಸದಾಗಿ ಮಾಡಿಕೊಡಿ. ಬಾಕಿ ಇರುವ 20,000 ಇದೆಲ್ಲ ಆದ ಮೇಲೆ, ಅದೇ ದಿನ ಕೊಡುತ್ತೇನೆ.

ಆಗುವುದಿಲ್ಲ ಅಂದರೆ 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಆಗದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಎರಡು ವರ್ಷ ಸಮಯ ಇದೆ, ಇಷ್ಟು ಸಣ್ಣ ಮೊತ್ತಕ್ಕೆ ಫೀಸೂ ಇಲ್ಲ. ಅಲ್ಲಿವರೆಗೆ ಹೋಗುವ ಆಸೆ ನನಗಿಲ್ಲ, ಮುಂದಿನ ವರ್ಷ ಚಿಕ್ಕಪ್ಪನ ಮಗನ ಮದುವೆಗೂ ನಿಮ್ಮನ್ನೇ ಹೇಳುವ ಅಂದಾಜಿತ್ತು.

ಫೈಲ್ ಹುಡುಕಲು ಈ ವಾರ ಪೂರ್ತಿ ತೆಗೆದುಕೊಳ್ಳಿ. ರೀಲ್ ಮಾತ್ರ ಇವತ್ತೇ ತೆಗೆಯಿರಿ.

ಇಂತಿ,
ಮದುಮಗಳ ಅಣ್ಣ
ಸಂತೆಕಟ್ಟೆ, ಉಡುಪಿ