ನಾಯಿ ಓಡುವುದನ್ನು ನೋಡಿದ್ದು ಸಾಕು, ಮಾತು ಕೇಳುವುದನ್ನೂ ನೋಡೋಣ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಜಾತ್ರೆಯ ನಾಯಿ ಓಟದ ಫೋಟೊ ಬಂದಿತ್ತು. ನಾಲ್ಕೂ ಕಾಲು ನೆಲ ಬಿಟ್ಟ ಮುಧೋಳ ನಾಯಿ, ಎರಡೂ ಬದಿಗೆ ಮೊಬೈಲ್ ಎತ್ತಿ ಹಿಡಿದ ಜನ. ಫೋಟೊ ಚೆನ್ನಾಗಿತ್ತು. ನನ್ನ ಕಣ್ಣು ಮಾತ್ರ ನೆಲದ ಮೇಲೆ ನಿಂತಿತು. ಅದು ಡಾಂಬರು ರಸ್ತೆ.

ಮೂರು ವರ್ಷದ ಹಿಂದೆ ಅಂಥದ್ದೇ ರಸ್ತೆಯಲ್ಲಿ ನನ್ನ ಮುಧೋಳ ನಾಯಿ ಚಿಗರಿಯನ್ನು ನಾನೇ ಓಡಿಸಿದ್ದೆ. ಏಪ್ರಿಲ್ ತಿಂಗಳು, ಬೆಳಗಿನ ಹನ್ನೊಂದು ಗಂಟೆ. ಅವಳು ಎರಡನೇ ಸ್ಥಾನ ಬಂದಳು, ಶಾಲು ಹಾಕಿದರು, ಊರವರು ಖುಷಿ ಪಟ್ಟರು. ರಾತ್ರಿ ಅವಳು ಹೊರಸಿನ ಕೆಳಗೆ ಹೋಗಿ ಮಲಗಿದವಳು ರೊಟ್ಟಿಗೂ ಏಳಲಿಲ್ಲ. ಬ್ಯಾಟರಿ ಹಿಡಿದು ಪಾದ ಎತ್ತಿ ನೋಡಿದೆ. ಮುಂದಿನ ಎರಡೂ ಪಾದದ ಮೆತ್ತೆಯ ಚರ್ಮ ರೂಪಾಯಿ ಅಗಲಕ್ಕೆ ಕಿತ್ತು ಬಂದಿತ್ತು, ಒಳಗೆ ಕೆಂಪಗೆ ಹಸಿ ಮಾಂಸ. ನಾನು ಮುಟ್ಟಿದರೂ ಅವಳು ಗುರ್ ಅನ್ನಲಿಲ್ಲ, ಸುಮ್ನೆ ನನ್ನ ಮುಖ ನೋಡಿದಳು. ಸರಿಯಾಗಿ ನಡೆಯೋಕೆ ಮೂರು ವಾರ ಬೇಕಾಯಿತು. ಅವತ್ತಿನಿಂದ ನಾನು ಯಾವ ನಾಯಿಯನ್ನೂ ಓಟಕ್ಕೆ ಬಿಟ್ಟಿಲ್ಲ.

ಸ್ಪರ್ಧೆ ಬಿಟ್ಟಿಲ್ಲ, ಓಟ ಬಿಟ್ಟಿದ್ದೇನೆ. ಅದಕ್ಕೇ ಈ ಪತ್ರ. ನನ್ನ ಬೇಡಿಕೆ ಇಷ್ಟೇ. ನಮ್ಮ ಜಾತ್ರೆ, ಕೃಷಿ ಮೇಳ, ಶ್ವಾನ ಪ್ರದರ್ಶನಗಳಲ್ಲಿ ಅಜಿಲಿಟಿಗೆ ಒಂದು ಅಂಗಳ ಮಾಡಿ, ಕುರಿಗಾರರ ನಾಯಿಗಳಿಗೆ ಇನ್ನೊಂದು ಅಂಗಳ ಮಾಡಿ. ನಮ್ಮ ಕಡೆ ನಾಯಿಯನ್ನು ಅಳೆಯೋದು ಎರಡೇ ರೀತಿ, ಒಂದು ಎಷ್ಟು ಜೋರಾಗಿ ಓಡುತ್ತದೆ, ಇನ್ನೊಂದು ನೋಡೋಕೆ ಹೇಗಿದೆ. ಹೇಳಿದ್ದು ಕೇಳುತ್ತದೆಯೇ, ಯಜಮಾನನ ಜೊತೆ ಕೂಡಿ ಕೆಲಸ ಮಾಡುತ್ತದೆಯೇ ಅಂತ ಯಾರೂ ನೋಡೋದಿಲ್ಲ.

ಅಜಿಲಿಟಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದು ನಾಯಿಗಳ ಅಡೆತಡೆ ಓಟ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಜನರಿಗೆ ಬಿಡುವಿನಲ್ಲಿ ಬೇಸರ ಆಗಬಾರದು ಅಂತ ಕುದುರೆ ಜಿಗಿತ ನೋಡಿ ಮಾಡಿದ ಆಟ, ಈಗ ಎಷ್ಟೋ ದೇಶಗಳಲ್ಲಿದೆ. ಹಾರುವ ಅಡ್ಡಪಟ್ಟಿ, ಹೊಕ್ಕು ಹೊರಬರುವ ಟನೆಲ್, ಹತ್ತಿ ಇಳಿಯುವ ಏರು ಹಲಗೆ, ನಡುವೆ ನಡೆಯುವ ಉದ್ದ ಹಲಗೆ, ಮಕ್ಕಳ ಆಟದ ಹಾಗೆ ಏರಿಳಿಯುವ ಸೀಸಾ ಹಲಗೆ, ಆಮೇಲೆ ಸಾಲಾಗಿ ನೆಟ್ಟ 12 ಕಂಬ. ಎಲ್ಲಕ್ಕೂ ನಂಬರ್ ಇರುತ್ತದೆ, ಆ ಕ್ರಮದಲ್ಲೇ ಹೋಗಬೇಕು. ಪಟ್ಟಿ ಬಿದ್ದರೆ 5 ತಪ್ಪು ಅಂಕ. ಹಲಗೆಯ ತುದಿಗೆ ಬೇರೆ ಬಣ್ಣ ಬಳಿದಿರುತ್ತಾರೆ, ಇಳಿಯುವಾಗ ಅಲ್ಲಿ ಒಂದು ಪಾದವಾದರೂ ತಾಗಬೇಕು, ಮೇಲಿಂದಲೇ ಜಿಗಿದರೆ ಅದೂ ತಪ್ಪು. ನಾಯಿಯ ಕಾಲು ಉಳಿಯಲಿ ಅಂತಲೇ ಆ ನಿಯಮ. ನೀವು ಪಕ್ಕದಲ್ಲಿ ಓಡಬಹುದು, ಕೈ ತೋರಿಸಬಹುದು, ಕೂಗಬಹುದು. ಮುಟ್ಟುವ ಹಾಗಿಲ್ಲ. ಕೈಯಲ್ಲಿ ಹಗ್ಗ ಇಲ್ಲ, ತಿನಿಸು ಇಲ್ಲ.

ಇದಕ್ಕೆ ದೊಡ್ಡ ದುಡ್ಡು ಬೇಡ. ನಾನು ಜಮಖಂಡಿ ತಾಲ್ಲೂಕಿನ ಕಬ್ಬು ಬೆಳೆಯುವ ಮನೆಯವಳು. ಕಂಬಕ್ಕೆ ಬೋರ್‌ವೆಲ್ ಕೆಲಸದಲ್ಲಿ ಉಳಿದ ಪಿವಿಸಿ ಪೈಪು, ಟನೆಲ್‌ಗೆ ಹಳೇ ಡ್ರಿಪ್ ಪೈಪು ಉಂಗುರ ಮಾಡಿ ಮೇಲೆ ತಾಡಪತ್ರಿ ಹೊಲಿಸಿದ್ದು, ಸೀಸಾಕ್ಕೆ ಬೇವಿನ ಹಲಗೆ, ಅಷ್ಟೇ. ಯೋಚನೆ ಮಾಡಬೇಕಾದದ್ದು ನೆಲದ ಬಗ್ಗೆ. ನಮ್ಮದು ಎರಿ ಭೂಮಿ ಜಾಸ್ತಿ, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟರೆ ನಾಯಿಯ ಕಾಲು ಸೀದಾ ಒಳಗೆ ಹೋಗಿ ಮುರಿಯುತ್ತದೆ. ಅದಕ್ಕೇ ಹೊಲದ ಅಂಚಿನ ಮಸಾರಿ (ಕೆಂಪು ಮಣ್ಣಿನ) ತುಂಡನ್ನು ಕಲ್ಲು ಆರಿಸಿ, ಒಂದು ಸಲ ರೆಂಟೆ ಹೊಡೆದು, ಹಾರುವ ಜಾಗದಲ್ಲಿ ಕಬ್ಬಿನ ಒಣ ಎಲೆ, ಅಂದರೆ ರವದಿ, ಹಾಸಿಟ್ಟುಕೊಂಡಿದ್ದೇನೆ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರ ಒಳಗೆ ಮುಗಿಸಬೇಕು, ಆಮೇಲೆ ಬಿಸಿಲು ಬಿಡೋದಿಲ್ಲ.

ನನ್ನ ಹತ್ತಿರ ನಾಲ್ಕು ನಾಯಿ ಇವೆ. ಚಿಗರಿ ಮುಧೋಳ ಹೆಣ್ಣು. ಬಾಣ ಕೂಡ ಮುಧೋಳ, ಬೆಂಗಳೂರಿನ ಫ್ಲಾಟಿಗೆ ಮಾರಾಟ ಆಗಿ ಎಂಟು ತಿಂಗಳಿಗೆ ವಾಪಸ್ ಬಂದವನು, ಸೋಫಾ ಹರಿದ ಅಂತ. ಗಂಗಿ ನಮ್ಮೂರ ಬಸ್ ಸ್ಟ್ಯಾಂಡಿನ ಬೀದಿ ನಾಯಿ. ಕರಿಯ ಕುರಿ ಹಟ್ಟಿಯಲ್ಲಿ ಹುಟ್ಟಿದವನು. ಜನ ಕೇಳುತ್ತಾರೆ, ಒಂದಕ್ಕೆ ಕಲಿಸೋದೇ ಕಷ್ಟ, ನಾಲ್ಕಕ್ಕೆ ಹ್ಯಾಂಗ ಕಲಸ್ತೀರಿ ಅಕ್ಕಾರ ಅಂತ. ಹಾರಿಸೋದು ಕಷ್ಟ ಅಲ್ಲ. ಕಾಯಿಸೋದು ಕಷ್ಟ. ಒಬ್ಬರು ಕೆಲಸ ಮಾಡುವಾಗ ಉಳಿದ ಮೂವರು ಸುಮ್ನೆ ಕೂರಬೇಕಲ್ವಾ? ಮೊದಲ ಎರಡು ತಿಂಗಳು ನಾನು ಕಲಿಸಿದ್ದು ಅದೊಂದನ್ನೇ. ನಾಲ್ಕು ಗೋಣಿಚೀಲ ಹಾಸಿದೆ, ಯಾರ ಚೀಲ ಯಾರದು ಅಂತ ನಿಗದಿ. ಚಿಗರಿ ಪಟ್ಟಿ ಹಾರಿದಾಗ ಅವಳಿಗೆ ಒಂದು ಚೂರು ಬೇಯಿಸಿದ ಮೊಟ್ಟೆ, ಚೀಲದ ಮೇಲೆ ಅಲುಗದೆ ಕೂತ ಮೂವರಿಗೂ ಒಂದೊಂದು ಚೂರು. ಕಾಯೋದೂ ಕೆಲಸವೇ, ಅದಕ್ಕೂ ಕೂಲಿ ಇದೆ ಅಂತ ಅವಕ್ಕೆ ತಿಳಿದ ಮೇಲೆ ಬೊಗಳಾಟ, ಕಿತ್ತಾಟ ಎಲ್ಲ ನಿಂತಿತು. ಇನ್ನೊಂದು ವಿಷಯ, ಬರೀ "ಬಾ" ಅಂದರೆ ನಾಲ್ಕೂ ಎದ್ದು ಬರುತ್ತವೆ. ಅದಕ್ಕೆ ಮೊದಲು ಹೆಸರು, ಒಂದು ಉಸಿರು ಬಿಟ್ಟು ಆಮೇಲೆ ಮಾತು. "ಗಂಗೀ... ಹಾರು." ಹೆಸರು ಬಾರದವರು ಮಲಗಿಯೇ ಇರಬೇಕು.

12 ಕಂಬದ ಸಾಲೇ ಎಲ್ಲಕ್ಕಿಂತ ನಿಧಾನ. ಮೊದಲನೇ ಕಂಬ ನಾಯಿಯ ಎಡ ಭುಜಕ್ಕೆ ಬರುವ ಹಾಗೆ ಒಳಗೆ ಹೊಕ್ಕಬೇಕು, ಆಮೇಲೆ ಒಂದನ್ನೂ ಬಿಡದೆ ಹಾವಿನ ಹಾಗೆ ನುಲಿದುಕೊಂಡು ಹೋಗಬೇಕು. ಕಂಬದಿಂದ ಕಂಬಕ್ಕೆ 60 ಸೆಂಟಿಮೀಟರ್. ಶುರುವಿನಲ್ಲಿ ಕಂಬಗಳನ್ನು ಎರಡು ಸಾಲು ಮಾಡಿ ನಡುವೆ ಓಣಿ ಬಿಡುತ್ತೇನೆ, ನಾಯಿ ಆ ಓಣಿಯಲ್ಲಿ ಸೀದಾ ಓಡುತ್ತದೆ. ವಾರಕ್ಕೆ ಎರಡು ಬೆರಳಿನಷ್ಟು ಓಣಿ ಕಿರಿದು ಮಾಡುತ್ತಾ ಹೋದರೆ ಒಂದು ದಿನ ಓಣಿಯೇ ಇರೋದಿಲ್ಲ, ನಾಯಿ ತಾನೇ ನುಲಿಯುತ್ತಿರುತ್ತದೆ. ಗಂಗಿ ಎರಡೂವರೆ ತಿಂಗಳಿಗೆ ಕಲಿತಳು, ಚಿಗರಿಗೆ ಏಳು ತಿಂಗಳು ಹಿಡಿಯಿತು. ಮುಧೋಳ ನಾಯಿಯ ಮೈ ಉದ್ದ, ಕಾಲು ಉದ್ದ, ಬಗ್ಗಿ ತಿರುಗೋದು ಅದಕ್ಕೆ ಸಲೀಸಲ್ಲ. ಒಂದೇ ಕೆಲಸವನ್ನು ಮೂರು ಸಲ ಮಾಡುತ್ತದೆ, ನಾಲ್ಕನೇ ಸಲ ಮುಖ ತಿರುಗಿಸಿ ನಿಲ್ಲುತ್ತದೆ. ಗದರಿದರೆ ಆ ದಿನದ ಕೆಲಸ ಮುಗಿಯಿತು. ಅದು ಕೊಬ್ಬಲ್ಲ, ಆ ತಳಿಯ ಗುಣ. ಓಡುವ ಬೇಟೆಯನ್ನು ದೂರದಿಂದ ನೋಡಿ, ಯಾರನ್ನೂ ಕೇಳದೆ ಬೆನ್ನಟ್ಟೋಕೆ ಬೆಳೆಸಿದ ನಾಯಿ ಅದು. ಹಾಗಿದ್ದೂ ಹನ್ನೆರಡು ಕಂಬದ ಕೊನೆಯಲ್ಲಿ ತಿರುಗಿ ನನ್ನ ಮುಖ ನೋಡುತ್ತದಲ್ಲ, ನಿಮ್ಮ ಫೋಟೊಗ್ರಾಫರ್ ಒಮ್ಮೆ ಬಂದು ಅದನ್ನು ತೆಗೆಯಬೇಕು ಅಂತ ನನಗೆ ಆಸೆ.

ಕಳೆದ ವರ್ಷ ಚಿಗರಿ, ಬಾಣ ಇಬ್ಬರನ್ನೂ ಕಟ್ಟಿಕೊಂಡು ಬೆಂಗಳೂರಿಗೆ ಒಂದು ಸ್ಪರ್ಧೆಗೆ ಹೋಗಿದ್ದೆ. ಇಲ್ಲಿಂದ ಸುಮಾರು 500 ಕಿಲೋಮೀಟರ್, ಇಡೀ ರಾತ್ರಿ ಗಾಡಿ. ಸ್ಪರ್ಧೆಗೆ ಮೊದಲು ನಾಯಿ ಬಿಟ್ಟು ನಾವಷ್ಟೇ ಒಳಗೆ ನಡೆದು ದಾರಿ ನೋಡಿಕೊಳ್ಳೋಕೆ ಕೆಲವೇ ನಿಮಿಷ ಕೊಡುತ್ತಾರೆ. ಎರಡು ನಾಯಿ ಇದ್ದರೆ ಆ ನಿಮಿಷಗಳಲ್ಲಿ ಎರಡು ದಾರಿ ತಲೆಯಲ್ಲಿ ಇಟ್ಟುಕೊಳ್ಳಬೇಕು. ಚಿಗರಿಗೆ ನಾನು ಮುಂದೆ ಓಡಿ ನಿಂತು ಕರೆಯಬೇಕು, ಬಾಣನಿಗೆ ಮಗ್ಗುಲಲ್ಲೇ ಇರಬೇಕು. ಚಿಗರಿ ಒಂದು ಪಟ್ಟಿ ಬೀಳಿಸಿ ಪೂರ್ತಿ ಮುಗಿಸಿದಳು. ಅದರ ಖುಷಿಯಲ್ಲಿ ಬಾಣನನ್ನೂ ಅದೇ ರೀತಿ ಬಿಟ್ಟು ಮುಂದೆ ಓಡಿದೆ. ನಾನು ಮಗ್ಗುಲಲ್ಲಿ ಇಲ್ಲದ್ದು ನೋಡಿ ಅವನು ಎದುರಿಗೆ ಕಂಡ ಟನೆಲ್ ಹೊಕ್ಕ. ಅದರ ನಂಬರ್ ಇನ್ನೂ ಬಂದಿರಲಿಲ್ಲ. ಸೀಟಿ ಊದಿದರು, ಹೊರಗೆ. ತಪ್ಪು ನನ್ನದು, ಅವನು ತನಗೆ ಕಂಡದ್ದನ್ನು ಸರಿಯಾಗಿಯೇ ಮಾಡಿದ್ದ. ಅವನಿಗೆ ಅಲ್ಲೇ ಮೊಟ್ಟೆ ಕೊಟ್ಟೆ. ಮುಧೋಳ ನಾಯಿಯ ಊರಿನವರು ಅದರ ಕೆಲಸ ತೋರಿಸೋಕೆ ಒಂದು ರಾತ್ರಿ ಪ್ರಯಾಣ ಮಾಡಬೇಕೇ ಅನ್ನೋದು ಮಾತ್ರ ವಾಪಸ್ ಬರುವಾಗ ದಾರಿಯುದ್ದಕ್ಕೂ ಮನಸ್ಸಿಗೆ ಹತ್ತಿತ್ತು. 2005ರಲ್ಲಿ ಈ ನಾಯಿಯ ಅಂಚೆ ಚೀಟಿ ಬಂತು, 2016ರಲ್ಲಿ ಇದರ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. ನಮ್ಮ ಜಿಲ್ಲೆಯಲ್ಲಿ ಅದು ಕಲಿತದ್ದನ್ನು ತೋರಿಸೋಕೆ ಒಂದು ಅಂಗಳ ಇಲ್ಲ.

ಈಗ ಕುರಿಯ ಮಾತು. ಇದನ್ನು ಹೇಳದಿದ್ದರೆ ಯಾರಾದರೂ ಮುಧೋಳ ನಾಯಿಯನ್ನು ಕುರಿ ಹಿಂಡಿನ ಮೇಲೆ ಬಿಟ್ಟಾರು ಅಂತ ಹೆದರಿಕೆ.

ಜೋಳದ ರಾಶಿ ಮುಗಿದ ಮೇಲೆ ನಮ್ಮ ಹೊಲಕ್ಕೆ ಪ್ರತಿ ವರ್ಷ ಕುರಿ ತರುಬಲು, ಅಂದರೆ ಗೊಬ್ಬರಕ್ಕಾಗಿ ಹೊಲದಲ್ಲೇ ಹಿಂಡು ನಿಲ್ಲಿಸಲು, ಒಬ್ಬ ಕುರಿಗಾರ ಕಾಕಾ ಬರುತ್ತಾರೆ. ಚಿಗರಿಗೆ ಆಗ ಒಂದೂವರೆ ವರ್ಷ. ಹಗ್ಗ ಜಾರಿಸಿಕೊಂಡಳು. ಒಂದು ಮರಿ ಹೆದರಿ ಹಿಂಡಿನಿಂದ ಹೊರಗೆ ಓಡಿತು, ಓಡಿದ್ದೇ ತಪ್ಪಾಯಿತು. ನಾನು ಕೂಗುವಷ್ಟರಲ್ಲಿ ಅದರ ಹಿಂಗಾಲು ಇವಳ ಬಾಯಲ್ಲಿತ್ತು. ಕಾಕಾ ಬಡಿಗೆ ಎತ್ತಲಿಲ್ಲ. ಕಂಬಳಿ ಬೀಸಿ ಅವಳ ಕಣ್ಣು ಮುಚ್ಚಿದರು, ಮರಿ ಬಿಡಿಸಿದರು, ಅರಿಶಿನ ಮೆತ್ತಿದರು. ಮರಿ ಉಳಿಯಿತು. ನಾನು ಅಳುತ್ತಾ ದುಡ್ಡು ಕೊಡೋಕೆ ಹೋದರೆ ಹೇಳಿದರು, "ತಂಗಿ, ಬ್ಯಾಟಿ ನಾಯಿಗೆ ಕುರಿ ತೋರಸಬ್ಯಾಡ. ಓಡೂದು ಏನಿದ್ರೂ ಅದರ ಕಣ್ಣಿಗೆ ಮೊಲಾನ." ಮುಂದಿನ ವರ್ಷ ಬಂದಾಗ ಕಂಬಳಿಯ ಮಡಿಲಲ್ಲಿ ಕರಿಯನನ್ನು ತಂದುಕೊಟ್ಟರು.

ಹೊರದೇಶಗಳಲ್ಲಿ ಕುರಿ ನಾಯಿಗಳ ಸ್ಪರ್ಧೆ ಹಳೆಯದು, ವೇಲ್ಸ್‌ನ ಬಾಲಾ ಊರಿನಲ್ಲಿ 1873ರಲ್ಲೇ ನಡೆದಿದೆ. ಅಲ್ಲಿ ಬಾರ್ಡರ್ ಕೋಲಿ ನಾಯಿ ದೂರದ ಕುರಿಗಳ ಹಿಂದೆ ಸುತ್ತು ಹಾಕಿ ಹೋಗಿ, ಅವನ್ನು ಒಟ್ಟು ಮಾಡಿ, ಕುರುಬನ ಹತ್ತಿರ ತಂದು, ಕೊನೆಗೆ ದೊಡ್ಡಿಗೆ ಸೇರಿಸಬೇಕು. ಎಡಕ್ಕೆ ಒಂದು ಸೀಟಿ, ಬಲಕ್ಕೆ ಒಂದು, ಮಲಗು ಅನ್ನೋಕೆ ಇನ್ನೊಂದು. ಎರಡು ನಾಯಿ ಕೂಡಿ ಕೆಲಸ ಮಾಡುವ ಸ್ಪರ್ಧೆಯೂ ಇದೆ, ಆಗ ಒಂದೊಂದಕ್ಕೂ ಬೇರೆ ಬೇರೆ ಸೀಟಿ. ಆ ನಾಯಿಯೂ ಬೇಟೆಗಾರನ ಹಾಗೇ ದಿಟ್ಟಿಸುತ್ತದೆ, ತೆವಳುತ್ತದೆ, ಸುತ್ತುತ್ತದೆ. ಕಚ್ಚುವ ಹೊತ್ತಿಗೆ ನಿಲ್ಲುತ್ತದೆ. ಅದು ಒಂದು ದಿನದಲ್ಲಿ ಕಲಿಸಿದ್ದಲ್ಲ, ತಲೆಮಾರುಗಳಿಂದ ಆರಿಸಿ ಆರಿಸಿ ಬೆಳೆಸಿದ್ದು.

ನಮ್ಮ ಹಟ್ಟಿ ನಾಯಿಯ ಕೆಲಸವೇ ಬೇರೆ. ನಮ್ಮಲ್ಲಿ ಕುರಿ ನಡೆಸೋದು ಕುರುಬ, ಅವನ ಕೂಗಿಗೆ ಕುರಿ ತಿರುಗುತ್ತದೆ. ನಾಯಿ ಇರೋದು ಕಾಯೋಕೆ. ಈ ಭಾಗದಲ್ಲಿ ತೋಳ ಇನ್ನೂ ಇದೆ, ಮುಧೋಳ, ಬೀಳಗಿ ಕಡೆಯ ಯಡಹಳ್ಳಿ ಕಾಡಿನ ಸುತ್ತ ಹಟ್ಟಿ ಹಾಕುವವರನ್ನು ಕೇಳಿ ನೋಡಿ. ಕರಿಯನನ್ನು ನೋಡಿ ನಾನು ಇದನ್ನು ಕಲಿತೆ. ಕುರಿ ಅವನ ಮೇಲೇ ಎಡವಿ ಹೋದರೂ ಏಳೋದಿಲ್ಲ. ಮರಿ ಬಂದು ಅವನ ಕಿವಿ ಚೀಪುತ್ತದೆ. ರಾತ್ರಿ ಗಾಳಿ ಬೀಸುವ ದಿಕ್ಕಿಗೆ ಮೂತಿ ಇಟ್ಟು ಹಿಂಡಿನ ಅಂಚಿಗೆ ಮಲಗುತ್ತಾನೆ, ಯಾರೂ ಕಲಿಸಿದ್ದಲ್ಲ. ಇಂಥ ನಾಯಿಯನ್ನು ವೇಲ್ಸ್‌ನ ನಿಯಮದಲ್ಲಿ ಅಳೆದರೆ ಸೊನ್ನೆ ಬರುತ್ತದೆ. ಅದಕ್ಕೆ ತಕ್ಕ ಪರೀಕ್ಷೆ ನಾವೇ ಮಾಡಬೇಕು. ಹಿಂಡಿನ ನಡುವೆ ಹೋಗಿ ಕುರಿ ಚದುರದ ಹಾಗೆ ನಿಲ್ಲುತ್ತದೆಯೇ? ಒಂದು ಮರಿ ಓಡಿದರೆ ಬೆನ್ನು ಹತ್ತದೆ ಇರುತ್ತದೆಯೇ? ಯಜಮಾನ ಕೂಗಿದರೆ ಹಿಂಡಿನ ಆ ಮಗ್ಗುಲಿಂದ ಈ ಮಗ್ಗುಲಿಗೆ ಬರುತ್ತದೆಯೇ? ದಾರಿಹೋಕನಿಗೆ ಬೊಗಳಿ, ಕಚ್ಚದೆ ನಿಲ್ಲುತ್ತದೆಯೇ? ತೀರ್ಪು ಹೇಳೋಕೆ ಇಬ್ಬರು ಹಿರಿಯ ಕುರಿಗಾರರನ್ನು ಕೂರಿಸಿ, ಅವರ ಕಣ್ಣಿಗಿಂತ ದೊಡ್ಡ ಪುಸ್ತಕ ಬೇಡ.

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಆ ಕೇಂದ್ರದವರು, ಜಾತ್ರಾ ಕಮಿಟಿಯವರು, ಪಶುಪಾಲನಾ ಇಲಾಖೆಯವರು ಒಂದು ಸಲ ಕೂತು ಮಾತಾಡಿದರೆ ಆಗುವ ಕೆಲಸ ಇದು. ನಿಯಮ ಗಟ್ಟಿ ಇರಲಿ. ಡಾಂಬರಿನ ಮೇಲೆ ಬೇಡ, ಮಣ್ಣಿನ ಮೇಲೆ. ಬಿಸಿಲು ಏರುವ ಮೊದಲು ಮುಗಿಯಬೇಕು. ಹದಿನೆಂಟು ತಿಂಗಳು ತುಂಬದ ನಾಯಿ ಬೇಡ, ಎಲುಬು ಇನ್ನೂ ಬಲಿತಿರೋದಿಲ್ಲ. ಪಶು ವೈದ್ಯರು ಅಂಗಳದಲ್ಲೇ ಇರಬೇಕು, ನೀರಿನ ತೊಟ್ಟಿ ಇರಬೇಕು. ಹೊಡೆದವರನ್ನು ಅಲ್ಲೇ ಹೊರಗೆ ಕಳಿಸಬೇಕು. ಮತ್ತೆ, ಮೊಲ ಬಿಟ್ಟು ನಾಯಿ ಓಡಿಸೋದು ಇನ್ನೂ ಅಲ್ಲಲ್ಲಿ ಕದ್ದುಮುಚ್ಚಿ ನಡೆಯುತ್ತದೆ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ಹುಡುಗರಿಗೆ ಬೈದರೆ ಬಿಡೋದಿಲ್ಲ. ಸಂಜೆ ಹೊತ್ತು ನಾಯಿ ಹಿಡಿದುಕೊಂಡು ಹೋಗೋಕೆ ಬೇರೊಂದು ಜಾಗ, ಬೇರೊಂದು ಆಟ ಇದ್ದರೆ ಬಿಡುತ್ತಾರೆ. ನಮ್ಮ ಓಣಿಯ ಮೂವರು ಹುಡುಗರು ಬಿಟ್ಟಿದ್ದಾರೆ, ಈಗ ಬೆಳಿಗ್ಗೆ ಐದೂವರೆಗೆ ನನಗಿಂತ ಮೊದಲು ಬಂದು ಕಂಬ ನೆಡುತ್ತಾರೆ.

ಯಾವ ಊರಿನವರು ಮುಂದೆ ಬಂದರೂ ನನ್ನ ಕಂಬ, ಟನೆಲ್, ಹಲಗೆ ಎಲ್ಲ ಕೊಡುತ್ತೇನೆ, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ನಾನೇ ತಂದು ಇಳಿಸುತ್ತೇನೆ. ಕಾಕಾ ಅವರನ್ನೂ ಕೇಳಿದ್ದೇನೆ. ಹಿಂಡು ಈ ಕಡೆ ಇರುವ ತಿಂಗಳಲ್ಲಿ ಇಟ್ಟರೆ ಬರುತ್ತಾರಂತೆ, ಕರಿಯನ ತಾಯಿಯನ್ನೂ ಕರೆದುಕೊಂಡು.

ಇಂತಿ,
ಒಬ್ಬ ರೈತ ಮಹಿಳೆ,
ಜಮಖಂಡಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ